ಮೇಷ್ಟ್ರ ಕಂಪ್ಯೂಟರಿನಲ್ಲಿ ಸಿಗದ ಲೈಬ್ರರಿ

2023ರ ಜುಲೈ ತಿಂಗಳು, ಪುಷ್ಯ ಮಳೆ ಹಿಡಿದ ದಿನಗಳು. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಅಡಿಕೆ ತೋಟದ ನಡುವಿನ ಕಾಲುದಾರಿಯಲ್ಲಿ ನಡೆದು ತಲುಪಬೇಕಾದ ಮನೆಯೊಂದಕ್ಕೆ ನಾನು ಲ್ಯಾಪ್‌ಟಾಪನ್ನೂ ಒಂದು ಪೆನ್‌ಡ್ರೈವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೋಗಿದ್ದೆ. ಅದು ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರ ಮನೆ. ನಿವೃತ್ತರಾದ ಮೇಲೆ ಅವರು ಹೊಸಹಳ್ಳಿಯ ಗಮಕ ವಾಚನಗಳನ್ನು ತಪ್ಪದೆ ಕೇಳಲು ಹೋಗುತ್ತಾರೆ, ತಾವೂ ಭಾಮಿನಿ ಷಟ್ಪದಿಯಲ್ಲಿ ಪದ್ಯ ಬರೆಯುತ್ತಾರೆ. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು ಮತ್ತು ಐದನೆಯ ಸಾಲುಗಳಿಗೆ 14 ಮಾತ್ರೆಗಳು, ಮೂರು ಮತ್ತು ಆರನೆಯ ಸಾಲುಗಳಿಗೆ 23 ಮಾತ್ರೆಗಳು, ಒಟ್ಟು 102 ಇರಬೇಕು. ನೂರಾರು ಪದ್ಯಗಳಲ್ಲಿ ಎಲ್ಲಿ ಒಂದು ಮಾತ್ರೆ ಹೆಚ್ಚಾಗಿದೆ, ಎಲ್ಲಿ ಕಡಿಮೆಯಾಗಿದೆ ಎಂದು ಎಣಿಸಿ ಹೇಳುವ ಸಣ್ಣ ಪ್ರೋಗ್ರಾಮ್ ಒಂದನ್ನು ಅವರಿಗಾಗಿ ನಾನು ಸಿ ಭಾಷೆಯಲ್ಲಿ ಬರೆದಿದ್ದೆ.

ಶಿವಮೊಗ್ಗದ ನನ್ನ ಮನೆಯಲ್ಲಿ ಆ ಪ್ರೋಗ್ರಾಮ್ ಚೆನ್ನಾಗಿ ಓಡುತ್ತಿತ್ತು. ಮೇಷ್ಟ್ರ ಕಂಪ್ಯೂಟರಿಗೆ ನಕಲು ಮಾಡಿ ಓಡಿಸಿದಾಗ ಒಂದೇ ಒಂದು ಸಾಲು ಬಂದು ನಿಂತಿತು. 'ಲಿಬ್‌ಐಸಿಯುಯುಸಿ.ಎಸ್‌ಒ.66' ಎಂಬ ಶೇರ್ಡ್ ಲೈಬ್ರರಿಯನ್ನು, ಅಂದರೆ ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಸಿದ್ಧ ಕೋಡಿನ ಕಡತವನ್ನು, ತೆರೆಯಲಾಗುತ್ತಿಲ್ಲ, ಅಂತಹ ಕಡತವಾಗಲಿ ಫೋಲ್ಡರ್ ಆಗಲಿ ಇಲ್ಲ, ಎಂಬುದು ಅದರ ಅರ್ಥ. ಲಿನಕ್ಸಿನಲ್ಲಿ ಪ್ರೋಗ್ರಾಮ್ ಬರೆಯುವವರೆಲ್ಲರೂ ಒಂದಲ್ಲ ಒಂದು ದಿನ ಈ ಸಾಲನ್ನು ಕಂಡಿರುತ್ತಾರೆ. ಅಂದು ಸಂಜೆ ಅದರ ಮುಂದೆ ಕುಳಿತು ಕಲಿತದ್ದನ್ನೂ, ಅನಂತರದ ತಿಂಗಳುಗಳಲ್ಲಿ ತಿದ್ದಿಕೊಂಡದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಈ ವಿಷಯದ ಬಗ್ಗೆ ಕನ್ನಡದಲ್ಲಿ ವಿವರವಾಗಿ ಬರೆದದ್ದು ಅಂದು ನನ್ನ ಕೈಗೆ ಸಿಕ್ಕಿದ್ದರೆ ಎಷ್ಟೋ ಗಂಟೆಗಳು ಉಳಿಯುತ್ತಿದ್ದವು.

ಮೊದಲು, ಆ ಹೆಸರಿನೊಳಗಿರುವ ಐಸಿಯು ಎಂಬ ಲೈಬ್ರರಿ ಏಕೆ ಬೇಕಾಯಿತು ಎಂಬುದನ್ನು ಹೇಳಬೇಕು. ಯೂನಿಕೋಡಿನಲ್ಲಿ 'ಕೋ' ಎಂಬ ಅಕ್ಷರದ ಓಕಾರ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ ಆದರೂ ಬೈಟುಗಳನ್ನು ಎಣಿಸುವ ಪ್ರೋಗ್ರಾಮಿಗೆ ಅವು ಬೇರೆ ಬೇರೆ. ಇಂತಹವನ್ನು ಏಕರೂಪಕ್ಕೆ ತರುವ, ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ ಕೆಲಸಗಳನ್ನು ಐಸಿಯು ಎಂಬ ಲೈಬ್ರರಿ ಬಹಳ ಕಾಲದಿಂದ ಚೆನ್ನಾಗಿ ಮಾಡುತ್ತಾ ಬಂದಿದೆ. ಅದರಲ್ಲಿ ನಮಗೆ ಸಂಬಂಧಿಸಿದ ಕಡತಗಳು ಎರಡು: ಕೆಲಸ ಮಾಡುವ ಲಿಬ್‌ಐಸಿಯುಯುಸಿ, ಮತ್ತು ಜಗತ್ತಿನ ಲಿಪಿಗಳ ಮಾಹಿತಿಯನ್ನೆಲ್ಲ ಹೊತ್ತಿರುವ, 25 ಎಂಬಿಗೂ ಮಿಕ್ಕ ಗಾತ್ರದ ಲಿಬ್‌ಐಸಿಯುಡೇಟಾ. ಇಷ್ಟು ದೊಡ್ಡ ಮಾಹಿತಿಯನ್ನು ಪ್ರತಿಯೊಂದು ಪ್ರೋಗ್ರಾಮೂ ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಬದಲು ಡಿಸ್ಕಿನಲ್ಲಿ ಒಂದೇ ಪ್ರತಿಯನ್ನಿಟ್ಟು, ಮೆಮೊರಿಗೂ ಒಂದೇ ಪ್ರತಿಯನ್ನು ತಂದು, ಬೇಕಾದವರೆಲ್ಲ ಹಂಚಿಕೊಳ್ಳಲಿ ಎಂಬುದೇ ಶೇರ್ಡ್ ಲೈಬ್ರರಿಯ ಉದ್ದೇಶ. ಹಂಚಿಕೊಂಡದ್ದನ್ನು ಹುಡುಕಬೇಕಾಗುತ್ತದೆ, ತೊಂದರೆಗಳೆಲ್ಲ ಆ ಹುಡುಕಾಟದಿಂದಲೇ ಹುಟ್ಟುತ್ತವೆ.

ಈ ಹುಡುಕಾಟ ಒಂದಲ್ಲ, ಎರಡು. ನಾನು ವರ್ಷಗಟ್ಟಲೆ ಇವೆರಡನ್ನೂ ಒಂದೇ ಎಂದು ಭಾವಿಸಿದ್ದೆ. ಪ್ರೋಗ್ರಾಮನ್ನು ಕಟ್ಟುವಾಗ, ಬಿಡಿ ತುಣುಕುಗಳನ್ನು ಜೋಡಿಸುವ ಲಿಂಕರ್ ಒಮ್ಮೆ ಹುಡುಕುತ್ತದೆ. ಪ್ರೋಗ್ರಾಮನ್ನು ಓಡಿಸುವಾಗ, ಲೈಬ್ರರಿಗಳನ್ನು ಮೆಮೊರಿಗೆ ತರುವ ಲೋಡರ್ ಹೊಸದಾಗಿ, ಮೊದಲಿನಿಂದ ಹುಡುಕುತ್ತದೆ. ಲಿಂಕರಿಗೆ ಲೈಬ್ರರಿ ಯಾವ ಫೋಲ್ಡರಿನಲ್ಲಿ ಸಿಕ್ಕಿತು ಎಂಬ ಸಂಗತಿ ಲೋಡರಿಗೆ ಗೊತ್ತೇ ಇರುವುದಿಲ್ಲ, ಏಕೆಂದರೆ ಲಿಂಕರ್ ಅದನ್ನು ಎಲ್ಲಿಯೂ ಬರೆದಿಡುವುದಿಲ್ಲ.

ಲಿಂಕರಿನ ಹುಡುಕಾಟವನ್ನು ಮೊದಲು ನೋಡೋಣ. ಸಿ ಭಾಷೆಯ ಕಂಪೈಲರ್ ಆದ ಜಿಸಿಸಿಗೆ ಸಣ್ಣ ಎಲ್ ಅಕ್ಷರದ ಆಯ್ಕೆಯ ಜೊತೆಗೆ 'ಐಸಿಯುಯುಸಿ' ಎಂದು ಕೊಟ್ಟರೆ, ಅದು ಕರೆಯುವ ಲಿಂಕರ್ ಹೆಸರಿನ ಮುಂದೆ 'ಲಿಬ್' ಸೇರಿಸಿ, ಹಿಂದೆ 'ಎಸ್‌ಒ' ಸೇರಿಸಿ ತನಗೆ ಗೊತ್ತಿರುವ ಫೋಲ್ಡರುಗಳಲ್ಲಿ ಒಂದೊಂದಾಗಿ ನೋಡುತ್ತದೆ. ಒಂದು ಫೋಲ್ಡರಿನಲ್ಲಿ 'ಎಸ್‌ಒ' ಇಲ್ಲದಿದ್ದರೆ ಅಲ್ಲಿಯೇ 'ಎ' ಎಂದು ಕೊನೆಯಾಗುವ, ಪ್ರೋಗ್ರಾಮಿನೊಳಗೇ ಸೇರಿಬಿಡುವ ಸ್ಥಿರ ಲೈಬ್ರರಿ ಇದೆಯೇ ಎಂದು ನೋಡಿ ಮುಂದಕ್ಕೆ ಹೋಗುತ್ತದೆ. ದೊಡ್ಡ ಎಲ್ ಆಯ್ಕೆಯಿಂದ ನಾವು ಕೊಟ್ಟ ಫೋಲ್ಡರುಗಳಿಗೆ ಮೊದಲ ಸರದಿ, ಅನಂತರ ಲಿಂಕರಿನೊಳಗೇ ಬರೆದಿರುವ ಫೋಲ್ಡರುಗಳಿಗೆ. ಇಲ್ಲಿ ಗಮನಿಸಬೇಕಾದದ್ದು, ಲಿಂಕರಿಗೆ ಬೇಕಾದ ಕಡತದ ಹೆಸರಿನಲ್ಲಿ ಯಾವ ಸಂಖ್ಯೆಯೂ ಇಲ್ಲ ಎಂಬುದು. ಲಿನಕ್ಸಿನ ಒಂದು ವಿತರಣೆಯಾದ ಉಬುಂಟುವಿನಲ್ಲಿ ಸಂಖ್ಯೆಯಿಲ್ಲದ ಈ ಕಡತ ಡೆವ್ ಎಂದು ಕೊನೆಯಾಗುವ ಪ್ಯಾಕೇಜಿನಲ್ಲಿ ಇರುತ್ತದೆ. ಓಡಿಸಲು ಬೇಕಾದ, ಸಂಖ್ಯೆಯಿರುವ ಕಡತ ಬೇರೆ ಪ್ಯಾಕೇಜಿನಲ್ಲಿರುತ್ತದೆ. ಐಸಿಯು ಬಳಸುವ ಹತ್ತಾರು ಪ್ರೋಗ್ರಾಮುಗಳು ಓಡುತ್ತಿರುವ ಕಂಪ್ಯೂಟರಿನಲ್ಲಿಯೂ, ಲೈಬ್ರರಿ ಸಿಗುತ್ತಿಲ್ಲ ಎಂದು ಲಿಂಕರ್ ಹೇಳುವುದು ಈ ಕಾರಣಕ್ಕೆ.

ಆ ಪ್ಯಾಕೇಜನ್ನು ಹಾಕಿದ ಮೇಲೂ ನನಗೆ ಇನ್ನೊಂದು ತೊಡಕು ಬಂದಿತ್ತು. ನಾನು ಆಜ್ಞೆಯಲ್ಲಿ ಲೈಬ್ರರಿಯ ಹೆಸರನ್ನು ಮೊದಲು, ನನ್ನ ಸಿ ಕಡತದ ಹೆಸರನ್ನು ಆಮೇಲೆ ಬರೆದಿದ್ದೆ. ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ಉಬುಂಟುವಿನಲ್ಲಿ, ಈವರೆಗೆ ಯಾರಿಗೂ ಬೇಕಾಗಿಲ್ಲದ ಲೈಬ್ರರಿಯನ್ನು ಬಿಟ್ಟುಬಿಡು ಎಂಬ ಸೂಚನೆ ಮೊದಲೇ ಜಾರಿಯಲ್ಲಿರುತ್ತದೆ. ಲೈಬ್ರರಿ ಎದುರಾದಾಗ ಅದನ್ನು ಕೇಳುವವರು ಇನ್ನೂ ಬಂದಿರುವುದಿಲ್ಲ, ಆದ್ದರಿಂದ ಅದು ಕೈಬಿಡುತ್ತದೆ. ಆಮೇಲೆ ನನ್ನ ಕಡತ ಬಂದು ಕೇಳಿದಾಗ ಉತ್ತರ ಕೊಡುವವರು ಇರುವುದಿಲ್ಲ. ಕೇಳುವ ಕಡತಗಳು ಮೊದಲು, ಕೊಡುವ ಲೈಬ್ರರಿಗಳು ಕೊನೆಗೆ ಬರಬೇಕು.

ಹೀಗೆ ಲಿಂಕ್ ಆದ ಮೇಲೆ ಪ್ರೋಗ್ರಾಮಿನ ಕಡತದೊಳಗೆ ಏನು ಉಳಿಯುತ್ತದೆ? ಲೈಬ್ರರಿಯ ಕೋಡ್ ಉಳಿಯುವುದಿಲ್ಲ, ಅದು ಇದ್ದ ಫೋಲ್ಡರಿನ ಹೆಸರೂ ಉಳಿಯುವುದಿಲ್ಲ. ಸಾಮಾನ್ಯವಾಗಿ ಪ್ರತಿಯೊಂದು ಶೇರ್ಡ್ ಲೈಬ್ರರಿಯೂ ತನ್ನೊಳಗೆ ಎಸ್‌ಒನೇಮ್ ಎಂಬ ಒಂದು ಹೆಸರನ್ನು ಹೊತ್ತಿರುತ್ತದೆ. ಸಂಖ್ಯೆಯಿಲ್ಲದ ಕಡತವನ್ನು ತೆರೆದ ಲಿಂಕರ್, ಅದರೊಳಗಿನ ಎಸ್‌ಒನೇಮ್ ಓದಿ, ಆ ಹೆಸರನ್ನು ಮಾತ್ರ 'ಬೇಕು' ಎಂಬ ಪಟ್ಟಿಯಲ್ಲಿ ಬರೆದಿಡುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಆಗ ಉಬುಂಟು 20.04 ಇತ್ತು, ಅದರ ಐಸಿಯು 66ನೆಯ ಆವೃತ್ತಿಯದು; ಆದ್ದರಿಂದ ಪಟ್ಟಿಯಲ್ಲಿ ಕುಳಿತದ್ದು 'ಲಿಬ್‌ಐಸಿಯುಯುಸಿ.ಎಸ್‌ಒ.66'. ಮೇಷ್ಟ್ರ ಕಂಪ್ಯೂಟರಿನಲ್ಲಿ ಉಬುಂಟು 22.04 ಇತ್ತು, ಅಲ್ಲಿದ್ದದ್ದು ಐಸಿಯು 70.

ಎಸ್‌ಒನೇಮಿನ ಸಂಖ್ಯೆ ಬದಲಾಗುವುದು ಒಂದು ಮಾತು ಮುರಿದುದರ ಘೋಷಣೆ. ಹಳೆಯ ಪ್ರೋಗ್ರಾಮುಗಳು ನಂಬಿದ್ದ ಒಳರಚನೆ ಇನ್ನು ಮುಂದೆ ಹಾಗೆಯೇ ಇರುವುದಿಲ್ಲ ಎಂದು ಲೈಬ್ರರಿಯನ್ನು ಕಟ್ಟುವವರು ಸಂಖ್ಯೆಯನ್ನು ಏರಿಸಿ ತಿಳಿಸುತ್ತಾರೆ. ಸಿ ಭಾಷೆಯ ಮೂಲ ಲೈಬ್ರರಿಯಾದ ಗ್ಲಿಬ್‌ಸಿ 1997ರಿಂದ ಇಂದಿನವರೆಗೂ 'ಲಿಬ್‌ಸಿ.ಎಸ್‌ಒ.6' ಎಂಬ ಒಂದೇ ಹೆಸರನ್ನು ಉಳಿಸಿಕೊಂಡು ಬಂದಿದೆ. ಹಳೆಯ ನಡವಳಿಕೆಯನ್ನೂ ಹೊಸದನ್ನೂ ಒಂದೇ ಕಡತದಲ್ಲಿ ಬೇರೆ ಬೇರೆ ಆವೃತ್ತಿಗಳಾಗಿ ಇಟ್ಟುಕೊಂಡು ಅದು ಈ ಮಾತನ್ನು ಉಳಿಸುತ್ತದೆ. ಐಸಿಯು ಹಾಗಲ್ಲ. ಅದರ ಪ್ರತಿಯೊಂದು ದೊಡ್ಡ ಬಿಡುಗಡೆಗೂ ಸಂಖ್ಯೆ ಏರುತ್ತದೆ, ಅಂತಹ ಬಿಡುಗಡೆಗಳು ಸಾಮಾನ್ಯವಾಗಿ ವರ್ಷಕ್ಕೆ ಎರಡು. ಇದನ್ನು ನಾನು ದೋಷವೆನ್ನುವುದಿಲ್ಲ, ಯೂನಿಕೋಡ್ ಬೆಳೆಯುತ್ತಿರುವಾಗ ಅವರಿಗೆ ಆ ಸ್ವಾತಂತ್ರ್ಯ ಬೇಕು. ಆದರೆ ಅದನ್ನು ಬಳಸುವವರು ಇದನ್ನು ತಿಳಿದೇ ಬಳಸಬೇಕು.

ನಾನು ಇದನ್ನೆಲ್ಲ ವಿವರಿಸುತ್ತಿದ್ದಾಗ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನೆ ಕೇಳಿ, "ಹಾಗಾದ್ರೆ ನಮ್ಮ ಕಡೆ ಕಾಗದದ ಮೇಲೆ ವಿಳಾಸ ಬರೆದ ಹಾಗೆ ಅಂತಾಯ್ತಲ್ಲೋ. ಮನೆ ಹೆಸರು ಬರೀತೀವಿ, ಮನೆ ಎಲ್ಲಿದೆ ಅಂತ ಬರೆಯಲ್ಲ. ಅದು ಪೋಸ್ಟಿನವನಿಗೆ ಗೊತ್ತಿರಬೇಕು" ಎಂದರು.

"ಹೌದು ಸಾರ್, ಪೋಸ್ಟಿನವರು ಬದಲಾದರೆ ಕಾಗದ ತಲುಪಲ್ಲ" ಎಂದೆ. ಮನೆಗಳು ಒಂದರಿಂದೊಂದು ದೂರ ದೂರ ಇದ್ದು, ಬೀದಿಯೂ ಸಂಖ್ಯೆಯೂ ಇಲ್ಲದ ಮಲೆನಾಡಿನಲ್ಲಿ ಹುಟ್ಟಿದವರಿಗೆ ಎಸ್‌ಒನೇಮನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಹೋಲಿಕೆ ಆಮೇಲೆ ನನಗೆ ಸಿಕ್ಕಿಲ್ಲ.

ಆ ಪೋಸ್ಟಿನವರ ಕೆಲಸ ಮಾಡುವುದು ಲೋಡರ್. ಪ್ರೋಗ್ರಾಮನ್ನು ಓಡಿಸಿದಾಗ ಲಿನಕ್ಸಿನ ತಿರುಳಾದ ಕರ್ನೆಲ್ ಮೊದಲು ಎಬ್ಬಿಸುವುದು 'ಎಲ್‌ಡಿ-ಲಿನಕ್ಸ್' ಎಂದು ಆರಂಭವಾಗುವ ಹೆಸರಿನ ಈ ಲೋಡರನ್ನು. ಅದು 'ಬೇಕು' ಪಟ್ಟಿಯ ಒಂದೊಂದು ಹೆಸರನ್ನೂ ಹಿಡಿದು, ಪ್ರೋಗ್ರಾಮಿನೊಳಗೆ ಆರ್‌ಪಾಥ್ ಎಂಬ ದಾರಿ ಬರೆದಿದ್ದು, ಅದರ ಹೊಸ ರೂಪವಾದ ರನ್‌ಪಾಥ್ ಇಲ್ಲದಿದ್ದರೆ ಆ ದಾರಿಯಲ್ಲಿ ಮೊದಲು ನೋಡುತ್ತದೆ. ಅನಂತರ ಎಲ್‌ಡಿ ಲೈಬ್ರರಿ ಪಾಥ್ ಎಂಬ ಎನ್‌ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿರುವ ಫೋಲ್ಡರುಗಳು, ಅನಂತರ ರನ್‌ಪಾಥ್, ಅನಂತರ 'ಇಟಿಸಿ' ಫೋಲ್ಡರಿನಲ್ಲಿರುವ 'ಎಲ್‌ಡಿ.ಎಸ್‌ಒ.ಕ್ಯಾಶ್' ಎಂಬ ಸಿದ್ಧ ಪಟ್ಟಿ, ಕೊನೆಗೆ ವ್ಯವಸ್ಥೆಯ ಮೂಲ ಲಿಬ್ ಫೋಲ್ಡರುಗಳು. ಆ ಸಿದ್ಧ ಪಟ್ಟಿಯನ್ನು ತಯಾರಿಸುವುದು ಎಲ್‌ಡಿಕಾನ್ಫಿಗ್ ಎಂಬ ಆಜ್ಞೆ. ಹೊಸ ಲೈಬ್ರರಿಯನ್ನು ಕೈಯಿಂದ ತಂದು ಹಾಕಿದವರು ಆ ಆಜ್ಞೆಯನ್ನು ಕೊಡದಿದ್ದರೆ, ಕಡತ ಕಣ್ಣೆದುರೇ ಇದ್ದರೂ ಪಟ್ಟಿಯಲ್ಲಿ ಅದರ ಹೆಸರಿರುವುದಿಲ್ಲ.

ಮೇಷ್ಟ್ರ ಮನೆಯಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಮನೆಯ ಹಿಂದಿನ ಗುಡ್ಡ ಹತ್ತಬೇಕು, ಆ ಮಳೆಯಲ್ಲಿ ಅದು ಆಗದ ಮಾತು. ಇಂಟರ್‌ನೆಟ್ ಇದ್ದಿದ್ದರೂ 22.04ರ ಪ್ಯಾಕೇಜ್ ಭಂಡಾರದಲ್ಲಿ ಐಸಿಯು 66 ಸಿಗುತ್ತಿರಲಿಲ್ಲ. ಆದ್ದರಿಂದ ನನ್ನ ಲ್ಯಾಪ್‌ಟಾಪಿನಲ್ಲಿದ್ದ ಲೈಬ್ರರಿಗಳನ್ನೇ ಪ್ರೋಗ್ರಾಮಿನ ಪಕ್ಕದಲ್ಲಿಟ್ಟು ಕೊಡುವುದೊಂದೇ ಉಳಿದ ದಾರಿ.

ಮೊದಲ ಅಡ್ಡಿ ಪೆನ್‌ಡ್ರೈವಿನದು. 'ಲಿಬ್‌ಐಸಿಯುಯುಸಿ.ಎಸ್‌ಒ.66' ನಿಜವಾದ ಕಡತವಲ್ಲ, ಅದು 'ಎಸ್‌ಒ.66.1' ಎಂಬ ನಿಜವಾದ ಕಡತದ ಕಡೆಗೆ ಬೆರಳು ತೋರಿಸುವ ಸಾಂಕೇತಿಕ ಕೊಂಡಿ. ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಕಡತ ವ್ಯವಸ್ಥೆಗೆ ಇಂತಹ ಕೊಂಡಿಗಳನ್ನು ಇಟ್ಟುಕೊಳ್ಳಲು ಬರುವುದಿಲ್ಲ, ಹಾಗಾಗಿ ಕಿಟಕಿಯಲ್ಲಿ ಎಳೆದು ನಕಲು ಮಾಡಲು ಹೋದಾಗ ಅದು ನಿರಾಕರಿಸಿತು. ಲೋಡರಿಗೆ ಬೇಕಾದದ್ದು ಎಸ್‌ಒನೇಮಿನ ಹೆಸರಿನಲ್ಲಿ ಒಂದು ಕಡತ, ಅಷ್ಟೇ. ಟರ್ಮಿನಲ್ಲಿನಲ್ಲಿ ಸಾಮಾನ್ಯ ಸಿಪಿ ಆಜ್ಞೆ ಕೊಟ್ಟರೆ ಅದು ಕೊಂಡಿಯನ್ನು ಹಿಂಬಾಲಿಸಿ ನಿಜವಾದ ಕಡತದ ತಿರುಳನ್ನೇ ಕೊಂಡಿಯ ಹೆಸರಿನಲ್ಲಿ ನಕಲು ಮಾಡುತ್ತದೆ, ಅದೇ ಸಾಕು.

ಲೈಬ್ರರಿಗಳು ಪಕ್ಕದಲ್ಲಿ ಬಂದು ಕುಳಿತರೂ ಪ್ರೋಗ್ರಾಮ್ ಓಡಲಿಲ್ಲ. ಡಾಸ್ ಮತ್ತು ವಿಂಡೋಸ್ ಬಳಸಿ ಬಂದವರಿಗೆ ಇದು ವಿಚಿತ್ರವೆನಿಸುತ್ತದೆ; ಲಿನಕ್ಸಿನ ಲೋಡರ್, ಪ್ರೋಗ್ರಾಮ್ ಇರುವ ಫೋಲ್ಡರಿನಲ್ಲಿ ತಾನಾಗಿ ನೋಡುವುದಿಲ್ಲ. ಅದಕ್ಕೆ ಹೇಳಬೇಕು. ಹೇಳುವ ಸರಿಯಾದ ವಿಧಾನವೆಂದರೆ ಲಿಂಕ್ ಮಾಡುವಾಗ ಆರ್‌ಪಾಥ್ ಆಯ್ಕೆಯಲ್ಲಿ 'ಒರಿಜಿನ್' ಎಂಬ ಪದವನ್ನು ಡಾಲರ್ ಚಿಹ್ನೆಯೊಂದಿಗೆ ಕೊಡುವುದು. ಓಡುವ ಹೊತ್ತಿನಲ್ಲಿ ಪ್ರೋಗ್ರಾಮ್ ಯಾವ ಫೋಲ್ಡರಿನಲ್ಲಿದೆಯೋ ಅದೇ ಆ ಪದದ ಅರ್ಥವಾಗುತ್ತದೆ, ಆದ್ದರಿಂದ ಇಡೀ ಫೋಲ್ಡರನ್ನು ಎಲ್ಲಿಗೆ ಒಯ್ದರೂ ನಡೆಯುತ್ತದೆ. ಡಾಲರ್ ಚಿಹ್ನೆಯನ್ನು ಒಂಟಿ ಉದ್ಧರಣ ಚಿಹ್ನೆಗಳ ಒಳಗಿಡುವುದನ್ನು ಮರೆತರೆ, ನಮ್ಮ ಆಜ್ಞೆಗಳನ್ನು ಓದುವ ಶೆಲ್ ಅದನ್ನು ತನ್ನ ವೇರಿಯಬಲ್ ಎಂದು ತಿಳಿದು ಬರಿದಾಗಿಸಿಬಿಡುತ್ತದೆ. ಕಟ್ಟುವ ಆಜ್ಞೆಗಳನ್ನು ಬರೆದಿಡುವ ಮೇಕ್ ಕಡತದಲ್ಲಾದರೆ ಡಾಲರನ್ನು ಎರಡು ಬಾರಿ ಬರೆಯಬೇಕು. ಯಾವ ದೂರೂ ಇಲ್ಲದೆ ಲಿಂಕ್ ಆಗಿ ಓಡುವಾಗ ಕೈಕೊಡುವ ತಪ್ಪು ಇದು, ಆದ್ದರಿಂದ ಲಿಂಕ್ ಆದ ಮೇಲೆ ರೀಡ್‌ಎಲ್ಫ್ ಆಜ್ಞೆಗೆ ಸಣ್ಣ ಡಿ ಆಯ್ಕೆ ಕೊಟ್ಟು, ಒಳಗೆ ನಿಜವಾಗಿ ಏನು ಬರೆದಿದೆ ಎಂದು ನೋಡುವುದು ನನಗೆ ಈಗ ಅಭ್ಯಾಸವಾಗಿದೆ.

ಲ್ಯಾಪ್‌ಟಾಪಿನಲ್ಲಿ ಮತ್ತೆ ಲಿಂಕ್ ಮಾಡಿ ತಂದೆ. ಈ ಬಾರಿ ದೂರು ಬದಲಾಯಿತು. ಲಿಬ್‌ಐಸಿಯುಯುಸಿ ಸಿಕ್ಕಿತ್ತು, ಈಗ ಸಿಗದಿದ್ದದ್ದು 'ಲಿಬ್‌ಐಸಿಯುಡೇಟಾ.ಎಸ್‌ಒ.66'. ಎರಡೂ ಒಂದೇ ಫೋಲ್ಡರಿನಲ್ಲಿ ಅಕ್ಕಪಕ್ಕ ಇದ್ದವು. ಒಂದು ಕಾಣುತ್ತದೆ, ಇನ್ನೊಂದು ಕಾಣುವುದಿಲ್ಲ. ಹೊರಗೆ ಕತ್ತಲಾಗಿತ್ತು, ಕರೆಂಟ್ ಹೋಗಿತ್ತು, ಮೇಷ್ಟ್ರ ಕಂಪ್ಯೂಟರ್ ಇನ್‌ವರ್ಟರಿನ ಮೇಲೆ ಓಡುತ್ತಿತ್ತು. ಕಡತ ಕೆಟ್ಟಿರಬಹುದೆಂದು ಮತ್ತೊಮ್ಮೆ ನಕಲು ಮಾಡಿದೆ, ಅನುಮತಿಗಳನ್ನು ನೋಡಿದೆ, ಅಕ್ಷರ ಅಕ್ಷರವಾಗಿ ಹೆಸರನ್ನು ಹೋಲಿಸಿದೆ. ಯಾವುದರಲ್ಲಿಯೂ ತಪ್ಪಿರಲಿಲ್ಲ.

ಇಂತಹ ಸಮಯಕ್ಕೆಂದೇ ಲೋಡರಿನಲ್ಲಿ ಒಂದು ಸೌಲಭ್ಯವಿದೆ. ಎಲ್‌ಡಿ ಡಿಬಗ್ ಎಂಬ ವೇರಿಯಬಲ್‌ಗೆ 'ಲಿಬ್ಸ್' ಎಂಬ ಬೆಲೆ ಕೊಟ್ಟು ಪ್ರೋಗ್ರಾಮನ್ನು ಓಡಿಸಿದರೆ, ಲೋಡರ್ ಯಾವ ಹೆಸರನ್ನು ಯಾವ ಯಾವ ಫೋಲ್ಡರಿನಲ್ಲಿ ಹುಡುಕಿತು ಎಂಬುದನ್ನು ಸಾಲು ಸಾಲಾಗಿ ಹೇಳುತ್ತದೆ. ಅದನ್ನು ಓದಿದಾಗ ಕಂಡದ್ದು ಇಷ್ಟು: ಲಿಬ್‌ಐಸಿಯುಯುಸಿಯನ್ನು ಹುಡುಕುವಾಗ ನಾನು ಬರೆದ ರನ್‌ಪಾಥನ್ನು ನೋಡಿತ್ತು. ಲಿಬ್‌ಐಸಿಯುಡೇಟಾವನ್ನು ಹುಡುಕುವಾಗ ಅದನ್ನು ನೋಡದೆ ನೇರವಾಗಿ ಸಿದ್ಧ ಪಟ್ಟಿಗೂ ಮೂಲ ಫೋಲ್ಡರುಗಳಿಗೂ ಹೋಗಿತ್ತು.

ಆಗ ಆರ್‌ಪಾಥ್ ಮತ್ತು ರನ್‌ಪಾಥ್‌ಗಳ ವ್ಯತ್ಯಾಸ ನನಗೆ ಅರ್ಥವಾಯಿತು. ಲಿಂಕರಿಗೆ ನಾವು ಕೊಡುವ ಆಯ್ಕೆಯ ಹೆಸರು ಆರ್‌ಪಾಥ್ ಎಂದೇ ಆದರೂ, ಈಗಿನ ಉಬುಂಟುವಿನಲ್ಲಿ ಕಡತದೊಳಗೆ ಬರೆಯಲಾಗುವುದು ರನ್‌ಪಾಥ್. ರನ್‌ಪಾಥ್ ಅದನ್ನು ಬರೆದಿರುವ ಕಡತ ನೇರವಾಗಿ ಕೇಳಿದ ಲೈಬ್ರರಿಗಳಿಗೆ ಮಾತ್ರ ಅನ್ವಯಿಸುತ್ತದೆ. ನನ್ನ ಪ್ರೋಗ್ರಾಮ್ ನೇರವಾಗಿ ಕೇಳಿದ್ದು ಲಿಬ್‌ಐಸಿಯುಯುಸಿಯನ್ನು. ಲಿಬ್‌ಐಸಿಯುಡೇಟಾವನ್ನು ಕೇಳಿದ್ದು ಆ ಲಿಬ್‌ಐಸಿಯುಯುಸಿ, ಅದರೊಳಗೆ ಯಾವ ದಾರಿಯೂ ಬರೆದಿರಲಿಲ್ಲ. ಹಳೆಯ ಆರ್‌ಪಾಥ್ ಹಾಗಲ್ಲ, ಅದು ಲೈಬ್ರರಿಗಳು ಕೇಳುವ ಲೈಬ್ರರಿಗಳಿಗೂ ಇಳಿದು ಬರುತ್ತದೆ. ಹಾಗಿದ್ದರೆ ಅದನ್ನೇಕೆ ಹಿಂದಕ್ಕೆ ಸರಿಸಿದರು ಎಂದರೆ, ಆರ್‌ಪಾಥ್ ಎಲ್ಲಕ್ಕಿಂತ ಮೊದಲು ನೋಡಲ್ಪಡುವುದರಿಂದ, ಪ್ರೋಗ್ರಾಮನ್ನು ಬಳಸುವವರು ಎಲ್‌ಡಿ ಲೈಬ್ರರಿ ಪಾಥ್ ಮೂಲಕ ಬೇರೆ ಪ್ರತಿಯನ್ನು ತೋರಿಸಬೇಕೆಂದರೂ ಅವಕಾಶವಿರುತ್ತಿರಲಿಲ್ಲ. ರನ್‌ಪಾಥ್ ಆ ವೇರಿಯಬಲ್ ಆದ ಮೇಲೆ ಬರುತ್ತದೆ. ಒಂದು ಕೊರತೆಯನ್ನು ಸರಿಪಡಿಸುವಾಗ ಇಳಿದು ಬರುವ ಗುಣವನ್ನೂ ತೆಗೆದುಹಾಕಿದ್ದು ನನ್ನ ಮಟ್ಟಿಗೆ ಸರಿಯಾಗಿ ಕಾಣುವುದಿಲ್ಲ. ಇವೆರಡು ಬೇರೆ ಬೇರೆ ಪ್ರಶ್ನೆಗಳು, ಬೇರೆ ಬೇರೆ ಉತ್ತರಗಳಿರಬೇಕಾಗಿತ್ತು.

ಲಿಬ್‌ಐಸಿಯುಯುಸಿಯೊಳಗೇ ದಾರಿ ಬರೆಯಲು ಪ್ಯಾಚ್‌ಎಲ್ಫ್ ಎಂಬ ಉಪಕರಣವಿದೆ, ಅಂದು ಅದು ನನ್ನ ಬಳಿ ಇರಲಿಲ್ಲ. ಹೊಸ ಬಗೆಯ ಗುರುತುಗಳು ಬೇಡ ಎಂದು ಲಿಂಕರಿಗೆ ಹೇಳುವ ಆಯ್ಕೆ ಕೊಟ್ಟು, ಹಳೆಯ ಆರ್‌ಪಾಥನ್ನೇ ಬರೆಸಿದೆ. ಪ್ರೋಗ್ರಾಮ್ ಓಡಿತು. ಮೇಷ್ಟ್ರು ತಮ್ಮ ಮೊದಲ ಪದ್ಯವನ್ನು ಕೊಟ್ಟರು. ಆರನೆಯ ಸಾಲಿನಲ್ಲಿ 22 ಮಾತ್ರೆ ಎಂದು ಅದು ತೋರಿಸಿತು. ಅವರು ಕಣ್ಣು ಮುಚ್ಚಿ ಬೆರಳು ಮಡಚಿ ಎಣಿಸಿ, "ಹೌದು, ಇಲ್ಲಿ ಒಂದು ಲಘು ಬಿಟ್ಟುಹೋಗಿದೆ" ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡರು.

ಎಲ್‌ಡಿ ಲೈಬ್ರರಿ ಪಾಥನ್ನು ಟರ್ಮಿನಲ್ ತೆರೆದಾಗಲೆಲ್ಲ ಓದಲಾಗುವ, ಹೋಮ್ ಫೋಲ್ಡರಿನ ಬ್ಯಾಶ್‌ಆರ್‌ಸಿ ಕಡತದಲ್ಲಿ ಬರೆದಿಟ್ಟರೆ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತಲ್ಲ ಎಂದು ಕೇಳುವವರಿದ್ದಾರೆ. ಹಿಂದೊಮ್ಮೆ ನಾನು ಹಾಗೆ ಮಾಡಿದ್ದೆ, ಇನ್ನು ಮುಂದೆ ಯಾರ ಕಂಪ್ಯೂಟರಿನಲ್ಲಿಯೂ ಮಾಡುವುದಿಲ್ಲ. ಆ ವೇರಿಯಬಲ್ ಒಂದು ಪ್ರೋಗ್ರಾಮಿಗೆ ಸೀಮಿತವಲ್ಲ; ಆ ಟರ್ಮಿನಲ್ಲಿನಿಂದ ಹೊರಡುವ ಪ್ರತಿಯೊಂದು ಪ್ರೋಗ್ರಾಮಿಗೂ, ಅವುಗಳು ಹುಟ್ಟಿಸುವ ಪ್ರೋಗ್ರಾಮುಗಳಿಗೂ ಅದು ಹಬ್ಬುತ್ತದೆ. ನಾನು ಪರೀಕ್ಷೆಗೆಂದು ಕಟ್ಟಿದ್ದ, ತೆರೆಯ ಮೇಲೆ ಅಕ್ಷರಗಳನ್ನು ಮೂಡಿಸುವ ಫ್ರೀಟೈಪ್ ಲೈಬ್ರರಿಯ ಎಸ್‌ಒನೇಮೂ ವ್ಯವಸ್ಥೆಯ ಫ್ರೀಟೈಪಿನ ಎಸ್‌ಒನೇಮೂ ಒಂದೇ ಆಗಿದ್ದುದರಿಂದ, ಟರ್ಮಿನಲ್ಲಿನಿಂದ ತೆರೆದ ಎಲ್ಲ ಕಿಟಕಿಗಳ ಅಕ್ಷರಗಳೂ ಬೇರೆ ರೀತಿ ಕಾಣತೊಡಗಿದ್ದವು, ಕಾರಣ ಹೊಳೆಯಲು ಎರಡು ದಿನ ಬೇಕಾಯಿತು. ಇನ್ನೊಂದು ಅಪಾಯವೂ ಇದೆ. ಹಳೆಯ ಬೆಲೆಯ ಕೊನೆಗೆ ಎರಡು ಚುಕ್ಕಿ (ಕೋಲನ್) ಹಾಕಿ ಹೊಸ ಫೋಲ್ಡರನ್ನು ಸೇರಿಸುವ ರೂಢಿಯಿದೆಯಷ್ಟೆ. ಹಳೆಯ ಬೆಲೆ ಬರಿದಾಗಿದ್ದರೆ ಆ ಎರಡು ಚುಕ್ಕಿಯ ಎಡಗಡೆ ಖಾಲಿ ಉಳಿಯುತ್ತದೆ, ಖಾಲಿ ಎಂದರೆ ಲೋಡರಿಗೆ 'ಈಗ ನಿಂತಿರುವ ಫೋಲ್ಡರ್' ಎಂದು ಅರ್ಥ. ಯಾರೋ ಕಳಿಸಿದ ಫೋಲ್ಡರಿನೊಳಗೆ ನಿಂತು ಆಜ್ಞೆ ಕೊಟ್ಟರೆ ಅಲ್ಲಿನ ಲೈಬ್ರರಿಯೇ ಬಂದು ಕೂರಬಹುದು. ಬಳಕೆದಾರರಿಗಿಂತ ಹೆಚ್ಚಿನ ಅಧಿಕಾರದಿಂದ ಓಡುವ ಸೆಟ್‌ಯುಐಡಿ ಪ್ರೋಗ್ರಾಮುಗಳಲ್ಲಿ ಲೋಡರ್ ಈ ವೇರಿಯಬಲ್ಲನ್ನು ಕಡೆಗಣಿಸುವುದು ಇಂತಹ ಅಪಾಯದಿಂದಾಗಿಯೇ. ಒಂದೇ ಆಜ್ಞೆಯ ಮುಂದೆ ಬರೆದು, ಒಮ್ಮೆ ಪರೀಕ್ಷಿಸಿ ನೋಡಲು ಅದು ಒಳ್ಳೆಯ ಸಾಧನ, ಅದಕ್ಕಿಂತ ಹೆಚ್ಚಿನದಕ್ಕಲ್ಲ. ಹೆಸರಿನಲ್ಲಿ ಇದನ್ನೇ ಹೋಲುವ 'ಲೈಬ್ರರಿ ಪಾಥ್' ಎಂಬ ಇನ್ನೊಂದು ವೇರಿಯಬಲ್ ಇದೆ, ಅದನ್ನು ಓದುವುದು ಲಿಂಕ್ ಮಾಡುವ ಹೊತ್ತಿನಲ್ಲಿ ಜಿಸಿಸಿಯಂತಹ ಕಂಪೈಲರುಗಳು, ಲೋಡರ್ ಅಲ್ಲ. ಎರಡನ್ನೂ ಅದಲುಬದಲು ಮಾಡಿಕೊಂಡು ಒದ್ದಾಡುವವರನ್ನು ಕಂಡಿದ್ದೇನೆ.

ಶಿವಮೊಗ್ಗಕ್ಕೆ ಮರಳಿದ ಮೇಲೆ, ಮೇಷ್ಟ್ರ ಕಂಪ್ಯೂಟರಿನಲ್ಲಿಯೇ ಇರುವ ಐಸಿಯು 70ಕ್ಕೆ ಹೊಂದುವಂತೆ ಪ್ರೋಗ್ರಾಮನ್ನು ಕಟ್ಟಿಕೊಟ್ಟರೆ ಪಕ್ಕದಲ್ಲಿ ಏನನ್ನೂ ಇಡಬೇಕಾಗಿಲ್ಲ ಎಂದು ಯೋಚಿಸಿದೆ. ಐಸಿಯು 70ರ ಮೂಲವನ್ನು ತಂದು, ನನ್ನ 20.04ರ ಲ್ಯಾಪ್‌ಟಾಪಿನಲ್ಲಿ ಕಟ್ಟಿ, 'ಯುಎಸ್‌ಆರ್' ಒಳಗಿನ 'ಲೋಕಲ್' ಫೋಲ್ಡರಿಗೆ ಹಾಕಿದೆ. ಆಮೇಲೆ ನನ್ನ ಪ್ರೋಗ್ರಾಮನ್ನು ಮೊದಲಿನ ಆಜ್ಞೆಯಿಂದಲೇ ಲಿಂಕ್ ಮಾಡಿದಾಗ, ಕೊನೆಯಲ್ಲಿ 70 ಎಂಬ ಸಂಖ್ಯೆ ಇರುವ ಹೆಸರಿನ ಕಾರ್ಯಗಳು (ಫಂಕ್ಷನ್‌ಗಳು) ಯಾವ ಲೈಬ್ರರಿಯಲ್ಲಿಯೂ ಇಲ್ಲ ಎಂಬ ದೂರು ಸಾಲುಗಟ್ಟಿ ಬಂತು.

ಕಾರಣ ಸೂಕ್ಷ್ಮವಾದದ್ದು. ಉಬುಂಟುವಿನಲ್ಲಿ, ಲೈಬ್ರರಿಯ ಕಾರ್ಯಗಳ ಹೆಸರುಗಳನ್ನು ಕಂಪೈಲರಿಗೆ ತಿಳಿಸುವ ಹೆಡರ್ ಕಡತಗಳನ್ನು ಹುಡುಕುವಾಗ ಕಂಪೈಲರ್ ಲೋಕಲ್ ಫೋಲ್ಡರನ್ನು ವ್ಯವಸ್ಥೆಯ ಫೋಲ್ಡರಿಗಿಂತ ಮೊದಲು ನೋಡುತ್ತದೆ, ಆದರೆ ಲೈಬ್ರರಿಯನ್ನು ಹುಡುಕುವಾಗ ಪ್ರೊಸೆಸರಿನ ಹೆಸರಿರುವ ವ್ಯವಸ್ಥೆಯ ಫೋಲ್ಡರ್ ಮೊದಲು, ಲೋಕಲ್‌ನೊಳಗಿನ ಲಿಬ್ ಅದರ ನಂತರ ಬರುತ್ತದೆ. ಹೀಗಾಗಿ ಹೆಡರ್ 70ನೆಯ ಆವೃತ್ತಿಯದು, ಲೈಬ್ರರಿ 66ನೆಯದು. ಐಸಿಯು ತನ್ನ ಪ್ರತಿಯೊಂದು ಕಾರ್ಯದ ಹೆಸರಿನ ಕೊನೆಗೂ ಆವೃತ್ತಿಯ ಸಂಖ್ಯೆಯನ್ನು ಅಂಟಿಸುವುದರಿಂದ ಈ ಹೊಂದಾಣಿಕೆಯಿಲ್ಲದಿರುವುದು ಲಿಂಕ್ ಹಂತದಲ್ಲಿಯೇ ಬಯಲಾಯಿತು. ಹಾಗೆ ಅಂಟಿಸದ ಲೈಬ್ರರಿಯಾಗಿದ್ದರೆ ಲಿಂಕ್ ಆಗಿ, ಓಡಿ, ಎಲ್ಲಿಯೋ ನಡುವೆ ತಪ್ಪು ಲೆಕ್ಕ ಕೊಟ್ಟೋ ಕುಸಿದೋ ಹೋಗುತ್ತಿತ್ತು. ಪ್ರತಿ ಬಿಡುಗಡೆಗೂ ಹೆಸರು ಬದಲಾಯಿಸುವ ಐಸಿಯುವಿನ ರೀತಿಯ ಬಗ್ಗೆ ನನಗಿದ್ದ ಬೇಸರ ಅಂದು ಬಹಳ ಮಟ್ಟಿಗೆ ಕಡಿಮೆಯಾಯಿತು. ಹೆಡರ್ ಮತ್ತು ಲೈಬ್ರರಿ ಎರಡರ ದಾರಿಯನ್ನೂ ಒಟ್ಟಿಗೆ ಕೊಡುವ ಪಿಕೆಜಿ-ಕಾನ್ಫಿಗ್ ಬಳಸಿದ್ದರೆ ಈ ಗೊಂದಲ ಹುಟ್ಟುತ್ತಲೇ ಇರಲಿಲ್ಲ; ಆಯ್ಕೆಗಳನ್ನು ಕೈಯಿಂದ ಬರೆಯುವುದನ್ನು ಅಂದಿನಿಂದ ಬಿಟ್ಟಿದ್ದೇನೆ.

ಆಮೇಲೆ ಲಿಂಕ್ ಆಯಿತು, ಎಲ್‌ಡಿಕಾನ್ಫಿಗ್ ಕೊಟ್ಟ ಮೇಲೆ ನನ್ನಲ್ಲಿ ಓಡಿತು, ಮುಂದಿನ ಭೇಟಿಯಲ್ಲಿ ಮೇಷ್ಟ್ರಲ್ಲಿಯೂ ಓಡಿತು. ಹಳೆಯ ಗ್ಲಿಬ್‌ಸಿಯ ಮೇಲೆ ಕಟ್ಟಿದ್ದು ಹೊಸ ಗ್ಲಿಬ್‌ಸಿಯ ಮೇಲೆ ಓಡುವುದರಿಂದ ಆ ಕಡೆಯಿಂದ ತೊಂದರೆಯಿರಲಿಲ್ಲ. ಇದೇ ಸರಿಯಾದ ಪರಿಹಾರ ಎಂದು ನಾನು ಒಂದು ವರ್ಷಕ್ಕೂ ಹೆಚ್ಚು ಕಾಲ ನಂಬಿದ್ದೆ. ಆಮೇಲೆ ಅವರ ಅಣ್ಣನ ಮಗ ಬೆಂಗಳೂರಿನಿಂದ ಬಂದವರು ಕಂಪ್ಯೂಟರಿಗೆ ಉಬುಂಟು 24.04 ಹಾಕಿಕೊಟ್ಟರು. ಅದರಲ್ಲಿರುವುದು ಐಸಿಯು 74. ಮೊದಲ ದಿನ ಕಂಡ ಸಾಲೇ ಮತ್ತೆ ಬಂತು, ಕೊನೆಯ ಸಂಖ್ಯೆ ಮಾತ್ರ 70 ಎಂದಾಗಿತ್ತು.

ಮಳೆಯ ಸಂಜೆ ಅವಸರದಲ್ಲಿ ಮಾಡಿದ್ದ ಮೊದಲ ವ್ಯವಸ್ಥೆಯೇ ಇಂತಹ ಪ್ರೋಗ್ರಾಮಿಗೆ ತಕ್ಕದ್ದು ಎಂದು ನಾನು ಒಪ್ಪಿಕೊಂಡದ್ದು ಆಗ. ವಿತರಣೆಯ ಭಂಡಾರದ ಮೂಲಕ ಹೋಗುವ ಪ್ರೋಗ್ರಾಮಾದರೆ ವ್ಯವಸ್ಥೆಯ ಲೈಬ್ರರಿಯನ್ನೇ ಬಳಸಬೇಕು, ಆವೃತ್ತಿ ಬದಲಾದಾಗ ಅದನ್ನು ಮತ್ತೆ ಕಟ್ಟುವವರು ಅಲ್ಲಿರುತ್ತಾರೆ, ಭದ್ರತೆಯ ತಿದ್ದುಪಡಿಗಳೂ ತಾವಾಗಿ ಬರುತ್ತವೆ. ಒಬ್ಬರಿಂದ ಒಬ್ಬರಿಗೆ ಪೆನ್‌ಡ್ರೈವಿನಲ್ಲಿ ಹೋಗುವ ಪ್ರೋಗ್ರಾಮಿಗೆ ಅಂತಹ ಆಸರೆಯಿಲ್ಲ. ಸ್ಥಿರವಾಗಿ ಲಿಂಕ್ ಮಾಡಿ ಎಲ್ಲವನ್ನೂ ಒಂದೇ ಕಡತವಾಗಿಸುವ ದಾರಿಯೂ ಇದೆ. ಆದರೆ ಎಣಿಕೆಯಲ್ಲಿ ಒಂದು ಸಾಲು ತಿದ್ದಿದಾಗಲೆಲ್ಲ 25 ಎಂಬಿಗೂ ಮಿಕ್ಕ ಕಡತವನ್ನು ಗುಡ್ಡ ಹತ್ತಿ ಇಳಿಸಿಕೊಳ್ಳಿ ಎಂದು ಎಪ್ಪತ್ತು ದಾಟಿದವರಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ.

ಈಗ ಅವರಲ್ಲಿರುವ ವ್ಯವಸ್ಥೆ ಹೀಗಿದೆ. ಒಂದು ಫೋಲ್ಡರ್, ಅದರಲ್ಲಿ ಬಿನ್ ಮತ್ತು ಲಿಬ್ ಎಂಬ ಎರಡು ಫೋಲ್ಡರುಗಳು. ಲಿಬ್‌ನಲ್ಲಿ ಐಸಿಯುವಿನ ಎರಡೂ ಕಡತಗಳು ತಮ್ಮ ಎಸ್‌ಒನೇಮಿನ ಹೆಸರಿನಲ್ಲಿಯೇ ಇವೆ. ಪ್ರೋಗ್ರಾಮಿನ ರನ್‌ಪಾಥ್ 'ಒರಿಜಿನ್‌ನಿಂದ ಒಂದು ಮೆಟ್ಟಿಲು ಮೇಲೆ ಹೋಗಿ ಲಿಬ್' ಎಂದಿದೆ, ಲಿಬ್‌ಐಸಿಯುಯುಸಿಗೆ ಪ್ಯಾಚ್‌ಎಲ್ಫ್ ಮೂಲಕ ಬರೀ 'ಒರಿಜಿನ್' ಎಂಬ ರನ್‌ಪಾಥ್ ಬರೆದಿದ್ದೇನೆ. ಹೀಗೆ ಪ್ರತಿಯೊಂದು ಕಡತವೂ ತಾನು ಕೇಳುವುದರ ದಾರಿಯನ್ನು ತಾನೇ ಹೊತ್ತಿರುವುದರಿಂದ ಹಳೆಯ ಆರ್‌ಪಾಥಿನ ಅಗತ್ಯ ಉಳಿದಿಲ್ಲ. ಕೊಡುವ ಮೊದಲು ಎಲ್‌ಡಿಡಿ ಆಜ್ಞೆಯಿಂದ ಪ್ರತಿ ಲೈಬ್ರರಿಯೂ ಲಿಬ್ ಫೋಲ್ಡರಿನಿಂದಲೇ ಸಿಗುತ್ತಿದೆಯೇ ಎಂದು ನೋಡಿದೆ. ನಾನೇ ಕಟ್ಟಿದ ಕಡತವಾದ್ದರಿಂದ ಎಲ್‌ಡಿಡಿ ಬಳಸಿದೆ. ಬೇರೆಯವರಿಂದ ಬಂದ ಅಪರಿಚಿತ ಕಡತದ ಮೇಲೆ ಅದನ್ನು ಬಳಸಬಾರದು, ಕೆಲವು ಸಂದರ್ಭಗಳಲ್ಲಿ ಅದು ಆ ಕಡತವನ್ನು ಓಡಿಸಿಯೇಬಿಡಬಹುದು. ಅಲ್ಲಿ ರೀಡ್‌ಎಲ್ಫ್ ಸಾಕು.

ಕಳೆದ ವಾರ ಮೇಷ್ಟ್ರು ಫೋನ್ ಮಾಡಿ, ಈಗ ವಾರ್ಧಕ ಷಟ್ಪದಿಯಲ್ಲಿ ಬರೆಯುತ್ತಿರುವುದಾಗಿಯೂ, 20 ಮತ್ತು 32 ಮಾತ್ರೆಗಳ ಲೆಕ್ಕವನ್ನೂ ಸೇರಿಸಿಕೊಡಬೇಕೆಂದೂ ಹೇಳಿದರು. ಸೇರಿಸಿ, ಬಿನ್ ಫೋಲ್ಡರಿನ ಒಂದು ಸಣ್ಣ ಕಡತವನ್ನು ಮಾತ್ರ ಕಳಿಸಿದೆ. ಲಿಬ್ ಫೋಲ್ಡರನ್ನು ಮುಟ್ಟಬೇಕಾಗಲಿಲ್ಲ.